ಐವರು ದಢೂತಿಗಳೂ ನಮ್ಮ ನಿದ್ದೆಯೂ

ಆನ್ ಆರ್ಬರ್‌ನಿಂದ ಅರ್ಧ ಗಂಟೆ ದೂರದ ಕ್ಯಾಂಟನ್‌ನಲ್ಲಿ ಮನೆ ಕೊಂಡವರಿಗೆ ಸಾಲದ ಕಂತಿನ ಜೊತೆಗೆ ಮಿಶಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಚಿಂತೆಯೂ ಅಂಟಿಕೊಳ್ಳುತ್ತದೆ. ಕಂತು ಮೂವತ್ತು ವರ್ಷಕ್ಕಾದರೂ ತೀರುತ್ತದೆ. ಇದು ಪ್ರತಿ ಆಗಸ್ಟ್‌ನಲ್ಲಿ ಬಡ್ಡಿ ಸಮೇತ ಹೊಸದಾಗಿ ಶುರುವಾಗುತ್ತದೆ. ಹಾಗೆಂದು ನಮ್ಮಲ್ಲಿ ಯಾರೂ ಅಲ್ಲಿ ಓದಿದವರಲ್ಲ. ಶ್ರೀಕಂಠನದು ಸುರತ್ಕಲ್, ಗುರುರಾಜನದು ಹುಬ್ಬಳ್ಳಿ, ನನ್ನದು ದಾವಣಗೆರೆ. ಆದರೂ ಶನಿವಾರ ತಂಡ ಗೆದ್ದರೆ "ಗೆದ್ದೆವು" ಎನ್ನುತ್ತೇವೆ. ಸೋತರೆ ಮಾತ್ರ "ಸೋತುಬಿಟ್ಟರು" ಎನ್ನುತ್ತೇವೆ.

2024ರ ಆಗಸ್ಟ್‌ನಲ್ಲಿ ಚಿಂತೆಗೆ ಕಾರಣ ಗಟ್ಟಿಯಾಗಿಯೇ ಇತ್ತು. ಜನವರಿಯಲ್ಲಿ ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ತಂಡವನ್ನು 34-13ರಿಂದ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದೆವು. ಬೇಸಿಗೆ ಕಳೆಯುವಷ್ಟರಲ್ಲಿ ಮದುವೆ ಮುಗಿದ ಛತ್ರದಂತೆ ಎಲ್ಲ ಖಾಲಿ. ಕೋಚ್ ಜಿಮ್ ಹಾರ್ಬಾ ಲಾಸ್ ಏಂಜಲೀಸ್‌ಗೆ ಹೊರಟರು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೆಕಾರ್ಥಿ ಮಿನೆಸೋಟಕ್ಕೆ ಹೊರಟ. ವೃತ್ತಿಪರ ತಂಡಗಳು ಡ್ರಾಫ್ಟ್‌ನಲ್ಲಿ ನಮ್ಮ 13 ಮಂದಿಯನ್ನು ಆರಿಸಿಕೊಂಡವು. ಇದೆಲ್ಲವನ್ನೂ ಸಹಿಸಿಕೊಳ್ಳಬಹುದಿತ್ತು. ಫೈನಲ್‌ನಲ್ಲಿ ಆಫೆನ್ಸಿವ್ ಲೈನ್‌ನಲ್ಲಿ, ಅಂದರೆ ಎದುರಾಳಿಗಳನ್ನು ತಡೆದು ಚೆಂಡು ಹಿಡಿದವನನ್ನು ಕಾಯುವ ಮುಂಚೂಣಿಯಲ್ಲಿ, ಆಟ ಆರಂಭಿಸಿದ ಐವರಲ್ಲಿ ಒಬ್ಬನೂ ಉಳಿದಿರಲಿಲ್ಲ ಎಂಬುದೇ ಸಹಿಸಲಾಗದ ಸಂಗತಿ.

ಆ ಸಂಜೆ ನಮ್ಮ ಗ್ಯಾರೇಜಿನಲ್ಲಿ ಇದೇ ಚರ್ಚೆ. ಮಡಿಸುವ ಕುರ್ಚಿಗಳು, ಗೋಡೆಗೆ ಹಳೆಯ ಟಿವಿ, ನಡುವೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಬಜ್ಜಿ ಕರಿದವರು ನನ್ನ ಮಾವ ಬಸವರಾಜಪ್ಪನವರು. ಮಗಳನ್ನು ನೋಡಲು ದಾವಣಗೆರೆಯಿಂದ ಬಂದಿದ್ದವರು, ಎಳೆಯ ವಯಸ್ಸಿನಲ್ಲಿ ಗರಡಿಯಲ್ಲಿ ಮೈಗೆ ಮಣ್ಣು ಮೆತ್ತಿಕೊಂಡವರು, ಈಗಲೂ ಯಾರನ್ನೇ ನೋಡಿದರೂ ಮೊದಲು ತೊಡೆಯನ್ನು ಅಂದಾಜು ಮಾಡುವವರು.

"ಈ ಐದು ಜನ ಚೆಂಡು ಹಿಡಿಯುವುದಿಲ್ಲವೇ?" ಎಂದರು.

"ಇಲ್ಲ ಮಾವ. ನಡುವಿನ ಸೆಂಟರ್ ತನ್ನ ಕಾಲುಗಳ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಅಲ್ಲಿಗೆ ಚೆಂಡಿನ ಋಣ ಮುಗಿಯಿತು. ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ಅಂಚಿನಲ್ಲಿ ಇಬ್ಬರು ಟ್ಯಾಕಲ್. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಕ್ಕೂ ಇವರಿಗಿಲ್ಲ."

"ಓಡುತ್ತಾರೋ?"

"ನಾಲ್ಕು ಹೆಜ್ಜೆ."

"ತೂಕ?"

"ಒಬ್ಬೊಬ್ಬರೂ ಮುನ್ನೂರು ಪೌಂಡಿನ ಆಸುಪಾಸು. ನೂರ ಮೂವತ್ತೈದು ಕಿಲೋ ಎಂದುಕೊಳ್ಳಿ."

ಮಾವ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಹಾಗಾದರೆ ಅವರ ಊಟದ ಚಿಂತೆ ಮಾಡಬೇಕಾದವರು ಹಾಸ್ಟೆಲಿನವರು. ನೀವೇಕೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದೀರಿ?"

ಇದಕ್ಕೆ ಉತ್ತರ ಕೊಟ್ಟವರು ಶ್ರೀಕಂಠನ ಹೆಂಡತಿ ಸುಮಾ. ಲೆಕ್ಕಪರಿಶೋಧಕಿ. ಎಲ್ಲರೂ ಚೆಂಡನ್ನು ನೋಡುವಾಗ ಅವರು ಮಾತ್ರ ಗಾರ್ಡುಗಳನ್ನು ನೋಡುತ್ತಾರೆ. ಹಣ ಎಲ್ಲಿ ಹೋಯಿತು ಎನ್ನುವುದಕ್ಕಿಂತ ಯಾರು ಬಾಗಿಲು ತೆರೆದರು ಎಂದು ಹುಡುಕುವುದು ಅವರ ಕಸುಬಿನ ಗುಣ.

"ಅಂಕಲ್, ಇವರು ಸರಿಯಾಗಿ ಕೆಲಸ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎದುರಾಳಿಯನ್ನು ಕೈಯಲ್ಲಿ ಹಿಡಿದುಬಿಟ್ಟರೆ ಮಾತ್ರ ರೆಫರಿ ಮೈಕಿನಲ್ಲಿ ನಂಬರ್ ಕೂಗುತ್ತಾನೆ, ಹತ್ತು ಗಜ ದಂಡ. ಮಿಶಿಗನ್ ಕ್ರೀಡಾಂಗಣದಲ್ಲಿ ಒಂದು ಲಕ್ಷ ಏಳು ಸಾವಿರ ಜನರ ಮುಂದೆ ಒಬ್ಬ ಗಾರ್ಡ್‌ನ ಉಲ್ಲೇಖ ಆಗುವುದು ಹೀಗೆ ಮಾತ್ರ."

"ಪ್ರಶಸ್ತಿಯೂ ಇದೆಯಲ್ಲ," ಎಂದ ಶ್ರೀಕಂಠ. ಅವನು ಆಶಾವಾದಿ. ಹಿಮ ಬೀಳುವಾಗಲೂ ಕೊಡೆ ಸಾಕು ಎನ್ನುವ ಜಾತಿ. "ಜೋ ಮೂರ್ ಪ್ರಶಸ್ತಿ. ಒಬ್ಬನಿಗಲ್ಲ, ದೇಶದ ಅತ್ಯುತ್ತಮ ಲೈನ್‌ಗೆ ಒಟ್ಟಾಗಿ ಕೊಡುತ್ತಾರೆ. 2021ರಲ್ಲಿ ನಮಗೆ, 2022ರಲ್ಲೂ ನಮಗೆ. ಟ್ರೋಫಿಯ ತೂಕವೇ ಎಂಟುನೂರು ಪೌಂಡು."

"2023ರಲ್ಲಿ?" ಎಂದು ಮಾವ ಕೇಳಿದರು.

"ವಾಷಿಂಗ್ಟನ್‌ಗೆ," ಎಂದ ಗುರುರಾಜ. "ಆ ಟ್ರೋಫಿ ಹೊತ್ತವರನ್ನೇ ನಾವು ಫೈನಲ್‌ನಲ್ಲಿ ಸೋಲಿಸಿದ್ದು. ಅಷ್ಟು ಭಾರ ಎತ್ತಿ ಸೊಂಟ ಹಿಡಿದಿರಬೇಕು."

ಗುರುರಾಜನ ಪರಿಚಯ ಇಲ್ಲಿ ಅಗತ್ಯ. 34-13ರಲ್ಲಿ ಗೆದ್ದ ರಾತ್ರಿಯೂ "ಆ 13 ಬಿಟ್ಟುಕೊಟ್ಟದ್ದೇಕೆ?" ಎಂದವನು. ಅವನ ಪಾಲಿಗೆ ಮಿಶಿಗನ್ ಇತಿಹಾಸ ಆರಂಭವಾಗುವುದು 2007ರ ಸೆಪ್ಟೆಂಬರ್ 1ರಂದು. ಐದನೇ ರ‍್ಯಾಂಕಿನಲ್ಲಿದ್ದ ನಾವು, ಕೆಳಗಿನ ದರ್ಜೆಯ ಅಪಲಾಚಿಯನ್ ಸ್ಟೇಟ್ ಎಂಬ ತಂಡಕ್ಕೆ ನಮ್ಮದೇ ಅಂಗಳದಲ್ಲಿ 34-32ರಿಂದ ಸೋತ ದಿನ. ಅಂದು ಅವನು ಇನ್ನೂ ಅಮೆರಿಕಕ್ಕೇ ಬಂದಿರಲಿಲ್ಲ. ಆದರೂ ಸ್ವಂತ ಮನೆಯಲ್ಲಿ ಕಳ್ಳತನವಾದವನ ಹಾಗೆ ನೆನಪಿಟ್ಟುಕೊಂಡಿದ್ದಾನೆ.

"ಈ ಸಲದ ಲೈನ್ ಹೇಳು," ಎಂದ ಗುರುರಾಜ ಶ್ರೀಕಂಠನಿಗೆ.

"ಎಡ ಟ್ಯಾಕಲ್ ಮೈಲ್ಸ್ ಹಿಂಟನ್, ಸ್ಟ್ಯಾನ್‌ಫರ್ಡ್‌ನಿಂದ ಬಂದವನು. ಎಡ ಗಾರ್ಡ್ ಜಾಶ್ ಪ್ರೀಬಿ, ನಾರ್ತ್‌ವೆಸ್ಟರ್ನ್‌ನಿಂದ. ಬಲ ಗಾರ್ಡ್ ಎಲ್-ಹಾದಿ, ಇಲ್ಲಿಯ ಹುಡುಗ."

"ಅಂದರೆ ಎಡಗಡೆಯೆಲ್ಲ ವಲಸೆ ಬಂದವರು."

"ನಾವೂ ವಲಸೆ ಬಂದವರೇ."

"ನಮ್ಮನ್ನು ನಂಬಿ ಯಾರೂ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಒಪ್ಪಿಸಿಲ್ಲ. ಬಲಗೈಯಲ್ಲಿ ಎಸೆಯುವವನಿಗೆ ಎಡಬದಿ ಕಾಣಿಸುವುದೇ ಇಲ್ಲ. ಅಲ್ಲಿ ಒಬ್ಬ ನುಗ್ಗಿದರೆ ಪಕ್ಕೆಲುಬಿಗೆ ಬಿದ್ದ ಮೇಲೇ ಸುದ್ದಿ. ಅದಿರಲಿ, ಆ ಕ್ವಾರ್ಟರ್‌ಬ್ಯಾಕ್ ಯಾರು ಎನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ಯಾರನ್ನು ಕಾಯಬೇಕು ಎಂದು ಕಾಯುವವನಿಗೆ ಗೊತ್ತಿಲ್ಲ, ಯಾರು ಕಾಯುತ್ತಾರೆ ಎಂದು ಕಾಯಿಸಿಕೊಳ್ಳುವವನಿಗೆ ಗೊತ್ತಿಲ್ಲ."

"ಲೈನ್ ಕೋಚ್ ಗ್ರಾಂಟ್ ನ್ಯೂಸಮ್ ಇದ್ದಾರೆ," ಎಂದ ಶ್ರೀಕಂಠ. "ಇದೇ ತಂಡದ ಎಡ ಟ್ಯಾಕಲ್ ಆಗಿದ್ದವರು. 2016ರಲ್ಲಿ ಕಾಲಿಗೆ ಪೆಟ್ಟಾಗಿ ಆಟವೇ ನಿಂತಿತು. ಅಂಥವರು ಹೇಳಿಕೊಟ್ಟರೆ ಕಲಿಯದೆ ಇರುತ್ತಾರೆಯೇ?"

ಮಾತು ಹೀಗೆ ಸುತ್ತುತ್ತಿರುವಾಗ ಸುಮಾ ಎದ್ದು ಟಿವಿಯಲ್ಲಿ ಹಳೆಯ ಪಂದ್ಯವೊಂದನ್ನು ಹಾಕಿದರು. 2023ರ ನವೆಂಬರ್‌ನದು, ಪೆನ್ ಸ್ಟೇಟ್ ತಂಡದ ವಿರುದ್ಧ, ಅವರದೇ ಊರಿನಲ್ಲಿ. ಹಾರ್ಬಾ ಅಮಾನತಿನಲ್ಲಿದ್ದ ಆ ದಿನ ಮುಖ್ಯ ಕೋಚ್ ಜಾಗದಲ್ಲಿ ನಿಂತವರು ಶೆರೋನ್ ಮೂರ್. ಗೆದ್ದ ಮೇಲೆ ಕ್ಯಾಮೆರಾ ಮುಂದೆ ಮಗುವಿನಂತೆ ಅತ್ತರು. ಆ ಪಂದ್ಯ ಶ್ರೀಕಂಠನಿಗೆ ಅಷ್ಟಕ್ಕಷ್ಟೆ, ಚೆಂಡು ಗಾಳಿಗೇರುವುದಿಲ್ಲ, ಕೈಯಲ್ಲಿ ಹಿಡಿದು ಓಡುವುದೇ ಎಲ್ಲ. ಸುಮಾ ಅವರಿಗೆ ಮಾತ್ರ ಅದು ಹಬ್ಬ.

ಮಾವ ಬಜ್ಜಿಯ ತಟ್ಟೆ ಕೆಳಗಿಟ್ಟು ಟಿವಿಯ ಹತ್ತಿರ ಕುರ್ಚಿ ಎಳೆದುಕೊಂಡರು. ಪರದೆಯಲ್ಲಿ ಐವರೂ ಬಾಗಿ ನಿಂತಿದ್ದರು. ಒಂದು ಕೈ ಹುಲ್ಲಿನ ಮೇಲೆ, ಬೆರಳಿನ ಗೆಣ್ಣುಗಳು ನೆಲಕ್ಕೆ ಒತ್ತಿ ಬಿಳಿಚಿಕೊಂಡಿದ್ದವು.

"ನಿಲ್ಲಿಸಿ. ಈ ಗಾರ್ಡ್ ಭಾರವನ್ನೆಲ್ಲ ಕೈಯ ಮೇಲೆ ಹಾಕಿದ್ದಾನೆ. ಮುಂದಕ್ಕೆ ನುಗ್ಗುತ್ತಾನೆ. ಓಟ."

ಓಟವೇ ಆಯಿತು. ಮತ್ತೊಮ್ಮೆ ನಿಲ್ಲಿಸಿದರು. "ಓಟ." ಮತ್ತೆ ಓಟ. ಹಿಂದಕ್ಕೆ ಸರಿದು ಕಾಯಬೇಕಾದವನು ಹಿಮ್ಮಡಿಯ ಮೇಲೆ ಕೂರುತ್ತಾನೆ, ಕೈ ನೆಲಕ್ಕೆ ಸುಮ್ಮನೆ ತಾಗಿರುತ್ತದೆ, ಗೆಣ್ಣಿಗೆ ಬಣ್ಣ ಇರುತ್ತದೆ ಎಂದು ಮಾವ ವಿವರಿಸಿದರು. ಅವರು "ಓಟ" ಎನ್ನುತ್ತಲೇ ಹೋದರು, ಒಂದೂ ತಪ್ಪಲಿಲ್ಲ. ಶ್ರೀಕಂಠ ದಂಗಾಗಿ ಹೋದ. ಅಪ್ಪನನ್ನು ಆನ್ ಆರ್ಬರ್‌ಗೆ ಕರೆದುಕೊಂಡು ಹೋಗಿ ಯಾರಿಗಾದರೂ ತೋರಿಸಬೇಕು ಎಂದು ನನ್ನ ಹೆಂಡತಿ ಶೋಭಾ ಒಳಗಿನಿಂದ ಕೂಗಿ ಹೇಳಿದಳು.

ಗುರುರಾಜ ಮಂಡಕ್ಕಿ ಅಗಿಯುತ್ತ ತಣ್ಣಗೆ ಹೇಳಿದ: "ಬಸವರಾಜಪ್ಪನವರೇ, ಇದಕ್ಕೆ ಗೆಣ್ಣು ನೋಡಬೇಕಾಗಿಲ್ಲ. ಅಂದು ಸತತ 32 ಸಲ ಓಟವನ್ನೇ ಆಡಿದರು. ದ್ವಿತೀಯಾರ್ಧದ ಲೆಕ್ಕದಲ್ಲಿ ಒಂದೇ ಒಂದು ಪಾಸ್, ಅಂದರೆ ಎಸೆತ, ಇಲ್ಲ."

ಮಾವನ ಮುಖ ಬಾಡಲಿಲ್ಲ. "ಹಾಗಾದರೆ ಎದುರಿನವರಿಗೂ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಆದರೂ ತಡೆಯಲಾಗಲಿಲ್ಲವೇ?"

"24-15ಕ್ಕೆ ಸೋತರು."

ಸುಮಾ ಮಾತನ್ನು ಎತ್ತಿಕೊಂಡರು. "ಅಂಕಲ್, ಲೈನ್ ಎಂದರೆ ಇದೇ. ಏನು ಬರುತ್ತದೆ ಎಂದು ಇಡೀ ಊರಿಗೆ ಗೊತ್ತಿದ್ದರೂ ನಿಲ್ಲಿಸಲು ಆಗಬಾರದು. ಇವರು ಕ್ವಾರ್ಟರ್‌ಬ್ಯಾಕ್ ಕ್ವಾರ್ಟರ್‌ಬ್ಯಾಕ್ ಎಂದು ಜಪ ಮಾಡುತ್ತಾರೆ. ನನಗೆ ಈ ಐವರನ್ನು ಕೊಡಿ, ಹಿಂದೆ ನಮ್ಮ ಗುರುರಾಜರನ್ನು ನಿಲ್ಲಿಸಿದರೂ ನಾಲ್ಕು ಗಜ ಸಿಗುತ್ತದೆ."

"ಮೂರು," ಎಂದ ಗುರುರಾಜ, ತನ್ನ ವಿಷಯದಲ್ಲೂ ಸಂಶಯ ಬಿಡದೆ.

ಅದೇ ನವೆಂಬರ್‌ನ ಕೊನೆಯಲ್ಲಿ ಒಹಾಯೊ ಸ್ಟೇಟ್ ವಿರುದ್ಧ ಗಾರ್ಡ್ ಜ್ಯಾಕ್ ಝಿಂಟರ್‌ನ ಕಾಲು ಮುರಿಯಿತು. ಕ್ರೀಡಾಂಗಣ ಸ್ತಬ್ಧ. ಅವನನ್ನು ಗಾಡಿಯಲ್ಲಿ ಹೊರಗೆ ಸಾಗಿಸಿದ ಮೇಲೆ ಮೊದಲ ಚೆಂಡಿಗೇ ಓಟಗಾರ ಬ್ಲೇಕ್ ಕೋರಮ್ 22 ಗಜ ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿ, ಬೆರಳುಗಳಲ್ಲಿ ಆರು, ಐದು ಎಂದು ತೋರಿಸಿದ. ಝಿಂಟರ್‌ನ ನಂಬರ್ 65. ದಂಡವಿಲ್ಲದೆ ಒಬ್ಬ ಗಾರ್ಡ್‌ನ ನಂಬರ್ ಅಷ್ಟು ಜನರಿಗೆ ತಿಳಿದ ಅಪರೂಪದ ಗಳಿಗೆ. ಇದನ್ನು ಹೇಳುವಾಗ ಸುಮಾ ಅವರ ದನಿ ಸ್ವಲ್ಪ ಒದ್ದೆಯಾಯಿತು. ಗುರುರಾಜ ಕೂಡ ಆಕ್ಷೇಪಣೆ ಎತ್ತಲಿಲ್ಲ, ಬಾಯಿ ತುಂಬ ಬಜ್ಜಿ ಇದ್ದದ್ದೂ ಕಾರಣವಿರಬಹುದು.

ಆಗ ಶೋಭಾ ಪಂಚಾಂಗ ಹಿಡಿದು ಹೊರಗೆ ಬಂದಳು. "ಸೆಪ್ಟೆಂಬರ್ 7, ಶನಿವಾರ, ಗಣೇಶ ಚೌತಿ. ಪೂಜೆಗೆ ಮಧ್ಯಾಹ್ನವೇ ಪ್ರಶಸ್ತ."

ನಾವು ಮುಖ ಮುಖ ನೋಡಿಕೊಂಡೆವು. ಅಂದು ಮಧ್ಯಾಹ್ನ ಹನ್ನೆರಡಕ್ಕೇ ಆನ್ ಆರ್ಬರ್‌ನಲ್ಲಿ ಟೆಕ್ಸಸ್ ವಿರುದ್ಧ ಪಂದ್ಯ.

"ಪೂಜೆಯನ್ನು ಹತ್ತಕ್ಕೆ ಇಟ್ಟುಕೊಳ್ಳೋಣ," ಎಂದ ಶ್ರೀಕಂಠ. "ವಿಘ್ನನಿವಾರಕನಿಗೆ ಮೊದಲೇ ಅರ್ಜಿ ಹಾಕಿದರೆ ಒಳ್ಳೆಯದು."

"ಯಾವ ಅರ್ಜಿ?" ಎಂದ ಗುರುರಾಜ. "ನಮ್ಮ ಐವರ ಕೆಲಸವೇ ವಿಘ್ನ ಮಾಡುವುದು. ವಿಘ್ನವೆಲ್ಲ ನಿವಾರಣೆಯಾಗಲಿ ಎಂದರೆ ಟೆಕ್ಸಸ್‌ನವರು ನೇರವಾಗಿ ನುಗ್ಗುತ್ತಾರೆ."

ಮಾವ ಸಮಾಧಾನ ಹೇಳಿದರು. "ಗಣಪ ವಿಘ್ನಕರ್ತನೂ ಹೌದು. ಯಾರಿಗೆ ಯಾವುದು ಎಂದು ಸಂಕಲ್ಪದಲ್ಲಿ ಬಿಡಿಸಿ ಹೇಳಿದರಾಯಿತು."

"ಹಾಗೆಯೇ ರಾತ್ರಿ ಚಂದ್ರನನ್ನು ನೋಡಬೇಡಿ ಎಂದು ತಂಡದವರಿಗೂ ತಿಳಿಸಿ," ಎಂದ ಗುರುರಾಜ. "ಹಿಂದಿನ ವರ್ಷ ಚೌತಿ ಕಳೆದು ತಿಂಗಳಾಗುವಷ್ಟರಲ್ಲಿ ಎದುರಾಳಿಗಳ ಸನ್ನೆ ಕದ್ದರು ಎಂಬ ಅಪವಾದ ಹೊತ್ತರು. ಶ್ರೀಕೃಷ್ಣನಿಗೆ ಬಂದದ್ದು ಒಂದು ಮಣಿಯದು, ಇವರಿಗೆ ಬಂದದ್ದು ಇಡೀ ಸೀಸನ್ನಿನದು."

ಪೂಜೆ ಹತ್ತಕ್ಕೇ ಆಯಿತು. ಸಂಕಲ್ಪದಲ್ಲಿ ಏನೋ ಹೆಚ್ಚುಕಡಿಮೆಯಾಗಿರಬೇಕು. ಟೆಕ್ಸಸ್ 31-12ರಿಂದ ಹೊಡೆದು ಹಾಕಿತು. ಮಾವ ಕಡುಬಿನ ತಟ್ಟೆ ಹಿಡಿದು ಹೇಳಿದ್ದು ಇಷ್ಟೇ: "ಸೊಂಟ ಎತ್ತರ. ಇವರು ನೆಟ್ಟಗೆ ನಿಂತು ತಳ್ಳುತ್ತಾರೆ. ಕೆಳಗೆ ಹೊಕ್ಕವನದೇ ಗೆಲುವು, ಇದು ಗರಡಿಯ ಹುಡುಗನಿಗೂ ಗೊತ್ತು."

ಎರಡು ವಾರದ ಬಳಿಕ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಬಂತು. ಪಾಸ್‌ಗಳಿಂದ ನಮಗೆ ಸಿಕ್ಕದ್ದು ಪಂದ್ಯವಿಡೀ 32 ಗಜ. ಆದರೂ ಕೊನೆಯಲ್ಲಿ ನಾಲ್ಕನೇ, ಅಂದರೆ ಕೊನೆಯ ಯತ್ನ, ಗೆರೆಗೆ ಒಂದೇ ಗಜ, ನಾಲ್ಕು ಅಂಕಗಳ ಹಿನ್ನಡೆ. ಮಾವ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಗೆಣ್ಣು ನೋಡಿದರು. "ಬಿಳಿ!" ಎಂದು ಕೂಗಿದರು. ಓಟಗಾರ ಕಲೆಲ್ ಮಲಿಂಗ್ಸ್ ಚೆಂಡು ಹಿಡಿದು ನುಗ್ಗಿದ, 37 ಸೆಕೆಂಡು ಉಳಿದಿರುವಾಗ ಟಚ್‌ಡೌನ್, 27-24. ಶ್ರೀಕಂಠ ಕುರ್ಚಿ ಮುರಿದ. ಸುಮಾ ಮಾತ್ರ ಮಲಿಂಗ್ಸ್‌ನನ್ನು ನೋಡಿರಲೇ ಇಲ್ಲ.

ಋತುವಿನ ಉಳಿದ ಭಾಗವನ್ನು ಬೇಗ ದಾಟಿಬಿಡುತ್ತೇನೆ, ಗುರುರಾಜನಿಗೆ ಅದು ಸುವರ್ಣಕಾಲ. ಸೋಲಿನ ಮೇಲೆ ಸೋಲು. ನವೆಂಬರ್ 30ರಂದು ಒಹಾಯೊ ಸ್ಟೇಟ್ ಅಂಗಳಕ್ಕೆ ಹೋಗುವಾಗ ನಾವು ಸುಮಾರು ಇಪ್ಪತ್ತು ಅಂಕಗಳಿಂದ ಸೋಲುತ್ತೇವೆ ಎಂದು ಬಾಜಿ ಕಟ್ಟುವವರ ಅಂದಾಜು. ಮಾವ ಊರಿಗೆ ಮರಳಿದ್ದರು. ದಾವಣಗೆರೆಯಲ್ಲಿ ರಾತ್ರಿ ಹತ್ತೂವರೆ, ಮೊಬೈಲನ್ನು ಟಿವಿಗೆ ಮುಖ ಮಾಡಿ ನಿಲ್ಲಿಸಿದ್ದೆವು. ಅಂದು ನಮ್ಮ ಪಾಸ್ ಲೆಕ್ಕ 62 ಗಜ. 10-10 ಸಮವಿರುವಾಗ ಮಲಿಂಗ್ಸ್ ಓಡುತ್ತಾನೆ ಎಂದು ಒಂದು ಲಕ್ಷ ಜನರಿಗೂ ಗೊತ್ತಿತ್ತು. ಮಲಿಂಗ್ಸ್ ಓಡಿದ. 27 ಗಜ. 45 ಸೆಕೆಂಡು ಉಳಿದಿರುವಾಗ ಡಾಮಿನಿಕ್ ಜ್ವಾಡಾ ಕಾಲಿನಿಂದ ಮೂರು ಅಂಕ, 13-10.

ಗ್ಯಾರೇಜಿನಲ್ಲಿ ಯಾರು ಯಾರನ್ನು ಅಪ್ಪಿಕೊಂಡರೋ ತಿಳಿಯದು. ಮೊಬೈಲಿನಿಂದ ಮಾವನ ದನಿ ಬರುತ್ತಿತ್ತು: "ಸೊಂಟ ಇಳಿಸಿದ್ದಾರೆ! ಯಾರು ಹೇಳಿಕೊಟ್ಟರು?"

"ಇನ್ನೇನು ಚಿಂತೆ!" ಎಂದು ಶ್ರೀಕಂಠ ಕುಣಿಯುತ್ತಿದ್ದ. "ಬೆಲ್‌ವಿಲ್‌ನ ಬ್ರೈಸ್ ಅಂಡರ್‌ವುಡ್ ಒಂಬತ್ತು ದಿನಗಳ ಹಿಂದೆ ಲೂಸಿಯಾನ ಸ್ಟೇಟ್ ತಂಡಕ್ಕೆ ಕೊಟ್ಟಿದ್ದ ಮಾತು ಬಿಟ್ಟು ನಮಗೆ ಒಪ್ಪಿಕೊಂಡಿದ್ದಾನೆ. ನಮ್ಮ ಪಕ್ಕದ ಊರಿನ ಹುಡುಗ, ದೇಶಕ್ಕೇ ಮೊದಲ ಸಾಲಿನ ಕ್ವಾರ್ಟರ್‌ಬ್ಯಾಕ್!"

ಗುರುರಾಜ ಕಣ್ಣೊರೆಸಿಕೊಂಡು ಸಾವಕಾಶವಾಗಿ ಕುಳಿತ. ಮಂಡಕ್ಕಿಯ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡ.

"ಬರಲಿ. ಹಿಂಟನ್ ಹೋಗುತ್ತಾನೆ, ಪ್ರೀಬಿ ಹೋಗುತ್ತಾನೆ. ಆ ಹುಡುಗನ ಎಡಬದಿ ಕಾಯುವವರು ಯಾರು?"