ಟೆನಿಸಲ್ಲಿ ಬಾಲ್ ಯಾರು ಚೆನ್ನಾಗಿ ಹೊಡೀತಾರೆ ಅನ್ನೋ ನಿನ್ನೆ ಮಾತಿಗೆ

ಆದಿ, ನಿನ್ನೆ ರಾತ್ರಿಯಿಂದ ಗ್ರೂಪಲ್ಲಿ ನಡೀತಿರೋದೆಲ್ಲಾ ಈಗ್ತಾನೇ ಕೂತು ನೋಡ್ದೆ. ನೀನು ಜೋಕೊವಿಚ್ 24 ಗ್ರ್ಯಾಂಡ್‌ಸ್ಲಾಮ್ (ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಯುಎಸ್, ಈ ನಾಲ್ಕು ದೊಡ್ಡ ಟೂರ್ನಿ) ಗೆದ್ದಿದಾನೆ ಅಂದ್ಮೇಲೆ ಬಾಲ್ ಹೊಡೆಯೋದ್ರಲ್ಲೂ ಅವನೇ ನಂಬರ್ ಒನ್, ಇನ್ನೇನು ಮಾತು ಅಂತೀಯ, ಸುರೇಶ್ ಭಾವ ಫೆಡರರ್ ಮುಂದೆ ಯಾರೂ ಇಲ್ಲ ಅಂತಾರೆ, ಮಧ್ಯದಲ್ಲಿ ಯಾರೋ ನಡಾಲ್ ಫೋಟೋ ಹಾಕಿ ಸುಮ್ನಾಗಿದಾರೆ. ನಂಗೆ ಇದ್ರ ಬಗ್ಗೆ ಹೇಳೋದು ಬಹಳ ಇದೆ ಕಣೋ, ಸ್ವಲ್ಪ ಉದ್ದ ಆಗತ್ತೆ, ಎಲ್ರೂ ಪುರುಸೊತ್ತು ಮಾಡ್ಕೊಂಡು ಕೇಳಿ.

ನೋಡು, ಗೆಲ್ಲೋದು ಬೇರೆ, ಬಾಲ್ ಹೊಡೆಯೋದು ಬೇರೆ. ಗೆಲ್ಲಕ್ಕೆ ಕಾಲು ಬೇಕು, ಸರ್ವ್ ಬೇಕು, ಗುಂಡಿಗೆ ಬೇಕು, ಐದನೇ ಸೆಟ್ಟಲ್ಲಿ ಉಸಿರು ಉಳಿದಿರ್ಬೇಕು. ನೀವು ಶುರು ಮಾಡಿದ್ದು ಬಾಲ್ ಹೊಡೆಯೋ ಕೈ ಯಾರ್ದು ಅಂತ, ಅಂದ್ರೆ ರಾಕೆಟ್ಟಿಗೆ ಬಾಲ್ ತಾಗೋ ಆ ಕ್ಷಣದ ಮಾತು. ಅದೆಷ್ಟು ಹೊತ್ತು ಗೊತ್ತಾ, ಒಂದು ಸೆಕೆಂಡನ್ನ ಸಾವಿರ ಪಾಲು ಮಾಡಿದ್ರೆ ಅದ್ರಲ್ಲಿ ನಾಲ್ಕೋ ಐದೋ ಪಾಲು, ಅಷ್ಟೇ. ಅಷ್ಟರೊಳಗೆ ಬಾಲ್ ತಂತಿಗಳ ನಡುಮಧ್ಯಕ್ಕೇ ಸಿಗ್ಬೇಕು, ರಾಕೆಟ್ಟಿನ ಮುಖ ಸರಿಯಾದ ಕಡೆ ತಿರುಗಿರ್ಬೇಕು, ಮೈಭಾರ ಮುಂದಕ್ಕೆ ಬಂದಿರ್ಬೇಕು, ಇದನ್ನೆಲ್ಲಾ ದಿನಾ ನೂರಾರು ಸಲ ತಪ್ಪದೆ ಮಾಡೋರ ಬಗ್ಗೆ ನಾವು ಮಾತಾಡ್ತಿರೋದು.

ಇದು ಕಿವೀಗೇ ಗೊತ್ತಾಗತ್ತೆ. ಕಬ್ಬನ್ ಪಾರ್ಕಲ್ಲಿ ಕೆಎಸ್‌ಎಲ್‌ಟಿಎ (ರಾಜ್ಯ ಟೆನಿಸ್ ಸಂಸ್ಥೆ) ಕೋರ್ಟ್ ಪಕ್ಕ ಬೆಂಚ್ ಮೇಲೆ ಕೂತು ಕಣ್ಣು ಮುಚ್ಕೊಂಡ್ರೂ ಸಾಕು, ಯಾವ ಹುಡುಗಿ ಚೆನ್ನಾಗಿ ಹೊಡೀತಿದಾಳೆ ಯಾವಳು ಕಷ್ಟ ಪಡ್ತಿದಾಳೆ ಹೇಳ್ಬೋದು. ನಡುಮಧ್ಯಕ್ಕೆ ಸಿಕ್ಕಿದ್ರೆ ಧಪ್ ಅಂತ ತುಂಬಿದ ಸದ್ದು ಒಂದೇ ಸಲ, ಫ್ರೇಮ್ ಹತ್ರ ಸಿಕ್ಕಿದ್ರೆ ಟಣಾರ್ ಅಂತ ಒಡಕು ಸದ್ದು, ಜೊತೆಗೆ ಆ ಮಗು ಮಣಿಕಟ್ಟನ್ನ ಒಂದು ಸಲ ಕೊಡವ್ಕೊಳತ್ತೆ. 2008ರಲ್ಲಿ ಸೆರೆನಾ ವಿಲಿಯಮ್ಸ್ ಇದೇ ಕೋರ್ಟಲ್ಲಿ ಆಡಿ ಬೆಂಗಳೂರು ಓಪನ್ ಗೆದ್ಲು, ಸೆಮಿಫೈನಲಲ್ಲಿ ಅಕ್ಕ ವೀನಸ್‌ನೇ ಸೋಲ್ಸಿ. ಅವಳ ಹೊಡೆತದ ಸದ್ದೂ ಟೀವಿಲಿ ಕೇಳೋದೂ ಬೇರೆ ಬೇರೇನೇ, ಟೀವಿಲಿ ಅರ್ಧಾನೂ ಬರಲ್ಲ.

ಈಗ ನನ್ನ ಅಳತೆಗೋಲು ಏನು ಅಂದ್ರೆ, ಬಾಲ್ ಪುಟಿದ ಮೇಲೆ ಅದನ್ನ ಯಾವಾಗ ತಗೋತಾರೆ ಅನ್ನೋದು. ಹಿಂದಕ್ಕೆ ಹೋಗಿ ನಿಂತು, ಬಾಲ್ ಪೂರ್ತಿ ಮೇಲೆ ಹೋಗಿ ಕೆಳಗಿಳಿಯೋವಾಗ ಹೊಡೆಯೋದು ಸುಲಭ, ಟೈಮ್ ಸಿಗತ್ತೆ. ಬೇಸ್‌ಲೈನ್, ಅಂದ್ರೆ ಕೋರ್ಟಿನ ಹಿಂದಿನ ಗೆರೆ, ಅದ್ರ ಮೇಲೇ ನಿಂತು, ಪುಟಿದು ಇನ್ನೂ ಮೇಲೇರ್ತಿರೋವಾಗ್ಲೇ ಹೊಡೆಯೋದಿದ್ಯಲ್ಲ, ಅದು ಮಹಾ ಕಷ್ಟ, ಯಾಕಂದ್ರೆ ಬಾಲ್ ಎಲ್ಲಿ ಪುಟಿಯತ್ತೆ, ಎಷ್ಟು ಎತ್ತರ ಬರತ್ತೆ ಅಂತ ಮೊದ್ಲೇ ಅಂದಾಜು ಹಾಕಿರ್ಬೇಕು, ಕೈ ಹಿಂದಕ್ಕೆ ಎಳೆಯಕ್ಕೂ ಸಮಯ ಇರಲ್ಲ. ಆದ್ರೆ ಹೊಡೆದ್ರೆ ಲಾಭ ಡಬಲ್ಲು: ಎರಡು ಮೀಟರ್ ಮುಂದೆ ನಿಂತ್ರೆ ಬಾಲ್ ನಿನ್ನ ಹತ್ರ ಬರೋ ದೂರಾನೂ ಕಮ್ಮಿ, ವಾಪಸ್ ಎದುರಾಳಿ ಹತ್ರ ಹೋಗೋ ದೂರಾನೂ ಕಮ್ಮಿ, ಅವನು ನೆಟ್ಟಗೆ ನಿಂತ್ಕೊಳ್ಳೋ ಅಷ್ಟರಲ್ಲಿ ಬಾಲ್ ಬಂದ್ಬಿಟ್ಟಿರತ್ತೆ.

ಈ ಲೆಕ್ಕದಲ್ಲಿ ನಂಗೆ ಎಲ್ಲರಿಗಿಂತ ಮೇಲೆ ಕಾಣೋದು ಆಂಡ್ರೆ ಅಗಾಸಿ. 8 ಗ್ರ್ಯಾಂಡ್‌ಸ್ಲಾಮ್, ಜೋಕೊವಿಚ್ ಗೆದ್ದಿದ್ರಲ್ಲಿ ಮೂರನೇ ಒಂದು ಪಾಲು, ಗೊತ್ತು. ಆದ್ರೆ 1992ರ ವಿಂಬಲ್ಡನ್ ಫೈನಲ್ ಯೂಟ್ಯೂಬಲ್ಲಿ ಹಾಕ್ಕೊಂಡು ನೋಡೋ. ಆ ಕಡೆ ಗೊರಾನ್ ಇವಾನಿಸೆವಿಚ್, ಎಡಗೈ, ಆವತ್ತು ಮೂವತ್ತಕ್ಕೂ ಜಾಸ್ತಿ ಏಸ್ (ಎದುರಾಳಿಗೆ ಮುಟ್ಟಕ್ಕೂ ಆಗದ ಸರ್ವ್) ಹಾಕ್ದ, ಆಗಿನ ಹುಲ್ಲು ಇನ್ನೂ ಜಾರೋ ಹುಲ್ಲು, ಅಂಥಾ ಸರ್ವ್ ಬಂದು ತಲುಪಕ್ಕೆ ಹತ್ತತ್ರ ಅರ್ಧ ಸೆಕೆಂಡು. ಅಗಾಸಿ ಹಿಂದೆ ಸರೀಲಿಲ್ಲ. ಸಿಕ್ಕಿದ ಪ್ರತಿಯೊಂದನ್ನೂ ಪುಟ್ಟದೊಂದು ಬೀಸಲ್ಲಿ ವಾಪಸ್ ಅವನ ಕಾಲ ಹತ್ರಾನೇ ಹಾಕಿ ಐದು ಸೆಟ್ಟಲ್ಲಿ ಗೆದ್ದ. ಅದು ಅವನ ಮೊದಲ ಗ್ರ್ಯಾಂಡ್‌ಸ್ಲಾಮ್. ಆಮೇಲೆ 1999ರಲ್ಲಿ ಫ್ರೆಂಚ್ ಓಪನ್ನೂ ಗೆದ್ದು ಹುಲ್ಲು, ಮಣ್ಣು, ಹಾರ್ಡ್ ಕೋರ್ಟ್ ಮೂರರ ಮೇಲೂ ಸೇರ್ಸಿ ನಾಲ್ಕೂ ಪೂರ್ತಿ ಮಾಡ್ದ. ಒಂದೇ ಕೈ, ಒಂದೇ ತರ ಹೊಡೆತ, ನೆಲ ಯಾವುದಾದ್ರೂ ಸರಿ. ಹಾಂ, ಬರೀ ಕೈ ಅಲ್ಲ, ಕಣ್ಣೂ ಇತ್ತು ಅವನಿಗೆ. ಜರ್ಮನಿಯ ಬೋರಿಸ್ ಬೆಕರ್ ಸರ್ವ್ ಮಾಡೋ ಮುಂಚೆ ನಾಲಿಗೆ ಯಾವ ಕಡೆ ಚಾಚ್ತಾನೋ ನೋಡ್ಕೊಂಡು ಬಾಲ್ ಎಲ್ಲಿ ಬರತ್ತೆ ಅಂತ ಕಂಡು ಹಿಡೀತಿದ್ದೆ ಅಂತ ಅಗಾಸಿನೇ ಆಮೇಲೆ ಹೇಳ್ಕೊಂಡಿದಾನೆ. ಬೆಕರ್ ಮೇಲೆ ಮೊದಲ ಮೂರೂ ಮ್ಯಾಚ್ ಸೋತಿದ್ದೋನು ಉಳಿದ ಹನ್ನೊಂದರಲ್ಲಿ ಹತ್ತು ಗೆದ್ದ.

ಮತ್ತೆ ನಿಮ್ಮಿಬ್ಬರ ಮಾತಲ್ಲೂ ಹೆಣ್ಮಕ್ಕಳ ಹೆಸರೇ ಬರ್ಲಿಲ್ಲ, ಅದು ನಂಗೆ ನಿಜವಾಗ್ಲೂ ಬೇಜಾರಾಯ್ತು. ಮೋನಿಕಾ ಸೆಲೆಸ್ ಎರಡೂ ಕಡೆ ಎರಡು ಕೈಯಲ್ಲಿ ಹೊಡೀತಿದ್ಲು, ಎರಡು ಕೈ ಅಂದ್ರೆ ಕೈಗೆಟುಕೋ ದೂರ ಕಮ್ಮಿ, ಅದಕ್ಕೇ ಇನ್ನೂ ಬೇಗ ಓಡಿ, ಇನ್ನೂ ಒಳಗೆ ನಿಂತು, ಪುಟಿದ ತಕ್ಷಣ ತಗೋತಿದ್ಲು, ಅಲ್ಲಿಂದ ಎಂಥೆಂಥಾ ಕೋನಗಳು! 16 ವರ್ಷಕ್ಕೆ ಫ್ರೆಂಚ್ ಓಪನ್, 20 ತುಂಬೋ ಮುಂಚೆ 8 ಗ್ರ್ಯಾಂಡ್‌ಸ್ಲಾಮ್. 1993ರಲ್ಲಿ ಹ್ಯಾಂಬರ್ಗಲ್ಲಿ ಒಬ್ಬ ಬೆನ್ನಿಗೆ ಚಾಕು ಹಾಕ್ದ, ಆಟದ ಮಧ್ಯೆ ಕುರ್ಚಿ ಮೇಲೆ ಕೂತಿದ್ದಾಗ. ಎರಡು ವರ್ಷಕ್ಕೂ ಮೇಲೆ ಆಡ್ಲಿಲ್ಲ, ವಾಪಸ್ ಬಂದ್ಮೇಲೆ ಇನ್ನೊಂದೇ ಒಂದು ಸಿಕ್ತು. ಈಗ್ಲೂ ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ಆಮೇಲೆ ಲಿಂಡ್ಸೆ ಡೆವನ್‌ಪೋರ್ಟ್, ಓಡೋದ್ರಲ್ಲಿ ಅಷ್ಟಕ್ಕಷ್ಟೇ, ಆದ್ರೆ ಬಾಲ್ ಕೈಗೆ ಸಿಕ್ತು ಅಂದ್ರೆ ಅಷ್ಟು ಶುದ್ಧವಾಗಿ ಹೊಡೆದೋರು ಕಮ್ಮಿ. ಮೂರು ಗ್ರ್ಯಾಂಡ್‌ಸ್ಲಾಮ್ ಗೆದ್ಲು, ಮೂರರಲ್ಲೂ ಒಂದೇ ಒಂದು ಸೆಟ್ ಬಿಟ್ಕೊಡ್ಲಿಲ್ಲ.

ನಡಾಲ್ ಫೋಟೋ ಹಾಕಿದೋರಿಗೆ ಒಂದ್ಮಾತು. ಅವನದ್ದು ಬೇರೇನೇ ವಿದ್ಯೆ. ವಿಡಿಯೋ ಇಟ್ಟು ಅಳೆದಾಗ ಸಾಂಪ್ರಾಸ್, ಅಗಾಸಿ ಫೋರ್‌ಹ್ಯಾಂಡ್ (ರಾಕೆಟ್ ಹಿಡಿದ ಕೈ ಕಡೆಯಿಂದ ಹೊಡೆಯೋದು) ಬಾಲ್ ನಿಮಿಷಕ್ಕೆ 1,800–1,900 ಸುತ್ತು ತಿರುಗ್ತಿತ್ತು, ಫೆಡರರ್ದು 2,700, ನಡಾಲ್‌ದು ಸರಾಸರಿ 3,200, ಒಂದಂತೂ 4,900. ಬಾಲ್ ಮುಂದಕ್ಕೆ ಉರುಳೋ ತರ ಅಷ್ಟು ಸ್ಪಿನ್ (ಇದೇ ಟಾಪ್‌ಸ್ಪಿನ್) ಇದ್ರೆ ಗಾಳಿನೇ ಬಾಲನ್ನ ಕೆಳಗೆ ಒತ್ತತ್ತೆ, ನೆಟ್ ಮೇಲೆ ಎಷ್ಟೇ ಎತ್ತರ ಹೋದ್ರೂ ಲೈನೊಳಗೆ ಬೀಳತ್ತೆ, ಬಿದ್ದು ಎದುರಾಳಿ ಭುಜದ ಎತ್ತರಕ್ಕೆ ನೆಗೆಯತ್ತೆ. ಆದ್ರೆ ಇದ್ರಲ್ಲಿ ತಂತಿದೂ ಪಾಲಿದೆ. ಈಗಿನ ಪಾಲಿಯೆಸ್ಟರ್ ತಂತಿ ಬಾಲ್ ತಾಗ್ದಾಗ ಪಕ್ಕಕ್ಕೆ ಜಾರಿ ತಕ್ಷಣ ವಾಪಸ್ ಬಂದು ಬಾಲನ್ನ ತಿರುಗಿಸತ್ತೆ. 1997ರಲ್ಲಿ ಬ್ರೆಜಿಲ್‌ನ ಕುಯೆರ್ಟೆನ್ ಇಂಥ ತಂತಿಯಲ್ಲಿ ಫ್ರೆಂಚ್ ಗೆದ್ಮೇಲೇ ಎಲ್ರೂ ಆ ಕಡೆ ಹೊರಳಿದ್ದು. ಅದಕ್ಕೆ ಹಳಬರನ್ನ ಹೋಲಿಸೋವಾಗ ಕೈಲಿ ಏನಿತ್ತು ನೋಡ್ಬೇಕು. ರಾಡ್ ಲೇವರ್ 1962 ಮತ್ತೆ 1969ರಲ್ಲಿ ಒಂದೇ ವರ್ಷದಲ್ಲಿ ನಾಲ್ಕೂ ಗೆದ್ದಿದ್ದು ಮರದ ರಾಕೆಟ್ ಕಾಲದಲ್ಲಿ, ಈಗಿನ ರಾಕೆಟ್ಟಿನ ಮುಕ್ಕಾಲು ಭಾಗಕ್ಕಿಂತ ಚಿಕ್ಕ ಮುಖ. ಸ್ವೀಡನ್‌ನ ಬ್ಯೋರ್ನ್ ಬೋರ್ಗ್ ಅಷ್ಟೊಂದು ಟಾಪ್‌ಸ್ಪಿನ್ ತೆಗೀತಿದ್ದಿದ್ದೂ ಮರದಲ್ಲೇ, ತಂತಿ ಹತ್ತತ್ರ 80 ಪೌಂಡ್ ಬಿಗಿ. 2023ರಲ್ಲಿ ಮಗ ಲಿಯೋ ಇಲ್ಲಿ ಆಡಕ್ಕೆ ಬಂದಾಗ ನಮ್ಮೂರಿಗೂ ಬಂದಿದ್ರಲ್ಲ, ಅವ್ರೇ.

ಭಾವ, ಫೆಡರರ್ ವಿಷಯದಲ್ಲಿ ನಿಮ್ಮ ಜೊತೆ ಅರ್ಧ ಇದೀನಿ. ಫೋರ್‌ಹ್ಯಾಂಡ್ ಸರಿ, ಅದಕ್ಕೆ ಎದುರಿಲ್ಲ. ಆದ್ರೆ ನಡಾಲ್ ವರ್ಷಗಟ್ಟಲೆ ಫೆಡರರ್ ಬ್ಯಾಕ್‌ಹ್ಯಾಂಡ್ (ಕೈಯನ್ನ ಮೈಗೆ ಅಡ್ಡ ತಂದು ಇನ್ನೊಂದು ಕಡೆಯಿಂದ ಹೊಡೆಯೋದು) ಮೇಲೇ ಎತ್ತರಕ್ಕೆ ಹಾಕಿ ಹಾಕಿ ಗೆದ್ದ. 2014ರಲ್ಲಿ 97 ಚದರ ಇಂಚಿನ ದೊಡ್ಡ ಮುಖದ ರಾಕೆಟ್ ಹಿಡಿದು, 2017ರ ಆಸ್ಟ್ರೇಲಿಯನ್ ಫೈನಲಲ್ಲಿ 35 ವರ್ಷದ ಆಸಾಮಿ ಹಿಂದೆ ಸರೀದೆ ಏರ್ತಿರೋ ಬಾಲನ್ನೇ ಬ್ಯಾಕ್‌ಹ್ಯಾಂಡಲ್ಲಿ ಹೊಡೆಯಕ್ಕೆ ಶುರು ಮಾಡ್ದ, ಐದನೇ ಸೆಟ್ಟಲ್ಲಿ 1-3 ಹಿಂದಿದ್ದೋನು ಸಾಲಾಗಿ ಐದು ಗೇಮ್ ತಗೊಂಡ. ನಾನು ಹೇಳಿದ್ದೇ ಆಯ್ತಲ್ಲ, ಬೇಗ ತಗೊಂಡಿದ್ದಕ್ಕೇ ಗೆದ್ದಿದ್ದು.

ಜೋಕೊವಿಚ್? ಆದಿ, ಅವನ ಎರಡು ಕೈ ಬ್ಯಾಕ್‌ಹ್ಯಾಂಡ್, ರಿಟರ್ನು (ಎದುರಾಳಿ ಸರ್ವನ್ನ ವಾಪಸ್ ಹೊಡೆಯೋದು), ಒಪ್ತೀನಿ. 2011ರ ಯುಎಸ್ ಓಪನ್ ಸೆಮಿಯಲ್ಲಿ ಫೆಡರರ್ ಮ್ಯಾಚ್ ಪಾಯಿಂಟಲ್ಲಿ ಸರ್ವ್ ಮಾಡಿದ್ರೆ ಕ್ರಾಸ್‌ಕೋರ್ಟಲ್ಲಿ, ಅಂದ್ರೆ ಕೋರ್ಟಿಗೆ ಓರೆಯಾಗಿ, ಒಂದು ಫೋರ್‌ಹ್ಯಾಂಡ್ ರಿಟರ್ನ್ ಬಿಟ್ಟನಲ್ಲ, ಅದು ಮರೆಯೋ ಹೊಡೆತ ಅಲ್ಲ. ಆದ್ರೆ ಅವನ ದೊಡ್ಡಸ್ತಿಕೆ ಮೈಯಲ್ಲಿದೆ, ಕಾಲು ಪೂರ್ತಿ ಚಾಚಿ ಜಾರ್ತಾ ಇದ್ರೂ ಸಮತೋಲ ತಪ್ಪಲ್ಲ, ಬೇರೆಯವರು ಬರೀ ಬಾಲ್ ಮುಟ್ಟೋ ಜಾಗದಿಂದ ಅವನು ಹೊಡೀತಾನೆ. ಆಟಗಾರ ಅಂತ ಅವನನ್ನೇ ಮೊದಲು ಇಡು, ನಾನು ಜಗಳ ಆಡಲ್ಲ. ಹೊಡೆತಕ್ಕೆ ಅಗಾಸಿ ಮತ್ತೆ ಸೆಲೆಸ್.

ಜೋರಾಗಿ ಹೊಡೆಯೋದೇ ಹೊಡೆತ ಅಂದ್ಕೋಬೇಡಿ ಮತ್ತೆ. ನಮ್ಮ ರಮೇಶ್ ಕೃಷ್ಣನ್ ಸರ್ವಲ್ಲಿ ಜೋರೇ ಇರ್ಲಿಲ್ಲ, ಎದುರಾಳಿ ವೇಗವನ್ನೇ ತಗೊಂಡು ತಿರುಗಿಸಿ ಕೊಡ್ತಿದ್ರು, 1989ರಲ್ಲಿ ಆಸ್ಟ್ರೇಲಿಯಾದಲ್ಲಿ ಆಗಿನ ವಿಶ್ವದ ನಂಬರ್ ಒನ್ ವಿಲಾಂಡರ್‌ನ ನೇರ ಸೆಟ್‌ಗಳಲ್ಲಿ ಸೋಲ್ಸಿದ್ರು.

ಸುಧಾ ಅತ್ತಿಗೆ, ನೀವು ಮಧ್ಯದಲ್ಲಿ ಪಾಪೂಗೆ ಯಾವ ರಾಕೆಟ್ ಅಂತ ಕೇಳಿದ್ರಿ, ಯಾರೂ ಉತ್ತರ ಕೊಟ್ಟಿಲ್ಲ. ಪಾಲಿಯೆಸ್ಟರ್ ತಂತಿ ಈಗ್ಲೇ ಬೇಡ, ಬಿರುಸು ಅದು, ಮೊಣಕೈ ನೋವು ಬರತ್ತೆ, ಮೆತ್ತನೆ ತಂತಿ ಹಾಕ್ಸಿ. ರಾಕೆಟ್‌ಗಿಂತ ಮುಖ್ಯ ಬಾಲು. ಮಕ್ಕಳಿಗೇ ಅಂತ ಕೆಂಪು, ಕಿತ್ತಳೆ, ಹಸಿರು ಬಾಲ್ ಬರತ್ತೆ, ಕೆಂಪು ಎಲ್ಲಕ್ಕಿಂತ ನಿಧಾನ, ಹಸಿರು ಹತ್ತತ್ರ ದೊಡ್ಡವರ ಬಾಲ್ ತರ. ದೊಡ್ಡವರ ಬಾಲ್ ಕೊಟ್ರೆ ತಲೆ ಮೇಲೆ ಪುಟಿಯತ್ತೆ, ಮಗು ಹಿಂದಕ್ಕೆ ಓಡಿ ಓಡಿ ಅದೇ ಅಭ್ಯಾಸ ಆಗ್ಬಿಡತ್ತೆ. ಅವಳಿಗೆ ಈಗ ಕಿತ್ತಳೆ ಸಾಕು, ಸೊಂಟದ ಎತ್ತರಕ್ಕೆ ಬರತ್ತೆ, ಮುಂದೆ ಹೆಜ್ಜೆ ಇಟ್ಟು ಹೊಡೆಯೋದು ಕಲೀಲಿ. ಶನಿವಾರ ಕರ್ಕೊಂಡು ಬನ್ನಿ, ನಮ್ಮನೇಲಿ ಹಳೇ ಜೂನಿಯರ್ ರಾಕೆಟ್ ಇದೆ, ಹಿಡಿದು ನೋಡ್ಲಿ ಮೊದ್ಲು.