ಆಶ್ರಯ ಕೇಳಿ ಬಂದವರು ಎಲ್ಲಿ ಕಾಯಬೇಕು? ವಕೀಲರಿಗೆ ಒಂದು ಪ್ರಶ್ನೆ

ಪ್ರಶ್ನೆ, ಮುಂಬೈಯ ಮಾಟುಂಗದಿಂದ:
ವಕೀಲ ಮೇಡಂ, ನಮಸ್ಕಾರ. ಮಗ ಮ್ಯಾಂಚೆಸ್ಟರ್‌ನಲ್ಲಿದ್ದಾನೆ. ಅಲ್ಲಿ ಜೀವಭಯದಿಂದ ದೇಶ ಬಿಟ್ಟು ಆಶ್ರಯ ಕೇಳಿ ಬಂದವರನ್ನು ಸರ್ಕಾರ ಹೋಟೆಲಿನಲ್ಲಿ ಇಟ್ಟಿದೆ, ಅದಕ್ಕೆ ಜನ ಗಲಾಟೆ ಮಾಡುತ್ತಿದ್ದಾರೆ ಅಂದ. ನಲವತ್ತು ವರ್ಷ ಹೋಟೆಲ್ ನಡೆಸಿದವನು ನಾನು. ಮೊದಲು ಕಣ್ಣೆದುರು ಬಂದದ್ದು ಇಡ್ಲಿ ಸಾಂಬಾರು! ಆಮೇಲೆ ಗೊತ್ತಾಯಿತು, ಅವನು ಹೇಳಿದ್ದು ಲಾಡ್ಜಿನ ಕಥೆ. ಅರ್ಜಿ ತೀರ್ಮಾನ ಆಗುವವರೆಗೆ ಇವರನ್ನು ಬೇರೆ ದೇಶದಲ್ಲೇ ಕೂರಿಸಬೇಕು ಅಂತ ಒಂದೊಂದು ದೇಶದಲ್ಲಿ ಒಂದೊಂದು ಮಸೂದೆ ಬರುತ್ತಿದೆಯಂತೆ. ಎಲ್ಲಿ ಕಾದರೇನು, ಅರ್ಜಿ ಅದೇ ಅಲ್ವಾ?

ಉತ್ತರ, ವಕೀಲರು, ಫೋರ್ಟ್:
ಶೆಟ್ರೇ, ಇಡೀ ಜಗಳ ಇರುವುದೇ ಆ "ಎಲ್ಲಿ ಕಾದರೇನು" ಅನ್ನುವುದರಲ್ಲಿ. ನಿಮ್ಮ ಕೇಸು ಬಾಂಬೆ ಹೈಕೋರ್ಟಿನಲ್ಲಿದೆ, ನಿಮ್ಮನ್ನು ಲಕ್ಷದ್ವೀಪದಲ್ಲಿ ಕೂರಿಸಿದ್ದಾರೆ ಅಂದುಕೊಳ್ಳಿ. ಅರ್ಜಿ ಅದೇ. ಆದರೆ ವಕೀಲರು ಸಿಗುವುದಿಲ್ಲ, ನಿಮ್ಮ ಭಾಷೆ ಬಲ್ಲವರು ಸಿಗುವುದಿಲ್ಲ. ಆಶ್ರಯದ ಕೇಸಿನಲ್ಲಿ ದಾಖಲೆ ಕಡಿಮೆ, ಆ ಮನುಷ್ಯನ ಮಾತೇ ದೊಡ್ಡ ಸಾಕ್ಷಿ. ಹೊಡೆಸಿಕೊಂಡು ಬಂದವನು ಮೊದಲ ದಿನವೇ ಎಲ್ಲ ಬಾಯಿಬಿಡುವುದಿಲ್ಲ. ಎರಡು ಮೂರು ಸಲ ಎದುರು ಕೂತು ಕೇಳಬೇಕು.

2019ರಲ್ಲಿ ಅಮೆರಿಕ "ಮೆಕ್ಸಿಕೋದಲ್ಲೇ ಕಾಯಿರಿ" ಅಂದಿತು. ಜನ ಗಡಿಯ ಮಟಮೊರೋಸ್ ಊರಿನಲ್ಲಿ ಟೆಂಟ್ ಹಾಕಿಕೊಂಡು ಕಾದರು. ತಾರೀಕು ಬಂದ ದಿನ ಸೇತುವೆ ದಾಟಿ ಆಚೆ ಬ್ರೌನ್ಸ್‌ವಿಲ್‌ಗೆ ಹೋಗಬೇಕು. ಅಲ್ಲೂ ಟೆಂಟಿನಲ್ಲೇ ಕೋರ್ಟು, ಜಡ್ಜ್ ವಿಡಿಯೋದಲ್ಲಿ. ವಕೀಲರಿದ್ದವರು ತೀರಾ ಕಡಿಮೆ.

ಇಂಥ ಮಸೂದೆ ಕೈಗೆ ಬಂದರೆ ನಾನು ಮೊದಲು ಹುಡುಕುವ ಸಾಲು ಒಂದೇ: ಕೇಸು ಗೆದ್ದರೆ ಆ ಮನುಷ್ಯ ಎಲ್ಲಿಗೆ ಹೋಗುತ್ತಾನೆ? ಇಟಲಿ 2023ರಲ್ಲಿ ಅಲ್ಬೇನಿಯಾ ಜೊತೆ ಒಪ್ಪಂದ ಮಾಡಿಕೊಂಡಾಗ ಹೇಳಿದ್ದು, ಕಾಯುವುದು ಅಲ್ಲಿ, ಆದರೆ ಕಾನೂನು ಇಟಲಿಯದು, ಗೆದ್ದರೆ ಇಟಲಿಗೆ. ಬ್ರಿಟನ್ 2022ರಲ್ಲಿ ರುವಾಂಡಾ ಜೊತೆ ಮಾಡಿಕೊಂಡದ್ದು ಬೇರೆಯೇ. ಅಲ್ಲಿ ಗೆದ್ದರೂ ರುವಾಂಡಾದಲ್ಲೇ ಇರಬೇಕು. ಅದನ್ನು ಕಾಯಿಸುವುದು ಅನ್ನೋಕಾಗಲ್ಲ, ಸಾಗಹಾಕುವುದು ಅನ್ನಬೇಕು. ಪೇಪರಿನವರು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

ರುವಾಂಡಾದ ಕಥೆ ಏನಾಯಿತು ಗೊತ್ತಾ? 2022ರ ಜೂನ್ 14ರ ರಾತ್ರಿ ಮೊದಲ ವಿಮಾನ ಹೊರಡಬೇಕಿತ್ತು, ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಕೊನೇ ಗಳಿಗೆಯಲ್ಲಿ ಅಡ್ಡ ಬಂತು. 2023ರ ನವೆಂಬರ್‌ನಲ್ಲಿ ಬ್ರಿಟನ್‌ನದೇ ಸುಪ್ರೀಂ ಕೋರ್ಟು, ಯಾವ ದೇಶದಿಂದ ಓಡಿ ಬಂದರೋ ಅಲ್ಲಿಗೇ ಇವರನ್ನು ರುವಾಂಡಾ ವಾಪಸ್ ಕಳಿಸುವ ಅಪಾಯವಿದೆ, ಈ ಯೋಜನೆ ಕಾನೂನಿಗೆ ವಿರುದ್ಧ ಅಂದಿತು. ಪಾರ್ಲಿಮೆಂಟು ಸುಮ್ಮನಿರಲಿಲ್ಲ. 2024ರಲ್ಲಿ "ರುವಾಂಡಾ ಸುರಕ್ಷಿತ" ಅಂತ ಕಾಯ್ದೆಯನ್ನೇ ಮಾಡಿತು. ಕೋರ್ಟು ಮಳೆ ಬರುತ್ತಿದೆ ಅಂದರೆ, ಇವತ್ತು ಬಿಸಿಲು ಅಂತ ಕಾಯ್ದೆ ಮಾಡಿದ ಹಾಗೆ. ಆ ಜುಲೈಯಲ್ಲಿ ಬಂದ ಹೊಸ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಪ್ರಶ್ನೆ, ಡೊಂಬಿವಲಿಯಿಂದ:
ಮೇಡಂ, ಸುಳ್ಳು ಹೇಳಿಕೊಂಡು ಬರುವವರೂ ಇದ್ದಾರಲ್ಲ? ಅವರಿಗೆ ರೂಮು, ಊಟ ಎಲ್ಲ ತೆರಿಗೆ ಕಟ್ಟುವವರ ದುಡ್ಡಿನಲ್ಲಿ ಯಾಕೆ?

ಉತ್ತರ:
ಇದ್ದಾರೆ ಸಾರ್, ಇಲ್ಲ ಅನ್ನಲ್ಲ. ಆದರೆ ಖರ್ಚು ಏರುವುದು ಅರ್ಜಿ ಕೊಳೆಯುವುದರಿಂದ. ಬ್ರಿಟನ್‌ನಲ್ಲಿ ಅರ್ಜಿ ಹಾಕಿ 12 ತಿಂಗಳು ಆಗುವವರೆಗೆ ಕೆಲಸಕ್ಕೆ ಅನುಮತಿಯನ್ನೇ ಕೇಳುವಂತಿಲ್ಲ. ದುಡಿಯೋಕೆ ಬಿಡಲ್ಲ, ಬೇಗ ತೀರ್ಪೂ ಕೊಡಲ್ಲ ಅಂದಮೇಲೆ ಲಾಡ್ಜ್ ಬಿಲ್ಲು ಬರದೆ ಇರುತ್ತಾ? ಜಾಗ ಬದಲಿಸಿದರೆ ಬಿಲ್ಲಿನ ಮೇಲಿನ ವಿಳಾಸ ಬದಲಾಗುತ್ತದೆ, ಅಷ್ಟೆ.

ಪ್ರಶ್ನೆ, ಪುಣೆಯಿಂದ, ವಿದ್ಯಾರ್ಥಿ:
ಅಕ್ಕಾ, ನನ್ನ ಕ್ಲಾಸ್‌ಮೇಟ್ ಅಫ್ಘಾನಿಸ್ತಾನದವನು. ವೀಸಾ ಮುಗಿಯೋಕೆ ಎರಡು ತಿಂಗಳಿದೆ. ಊರಿಗೆ ಹೋಗೋಕೆ ಹೆದರುತ್ತಿದ್ದಾನೆ. ನಮ್ಮ ದೇಶದಲ್ಲಿ ಇಂಥವರು ಎಲ್ಲಿ ಕಾಯಬೇಕು?

ಉತ್ತರ:
ತಮ್ಮಾ, ನಮ್ಮಲ್ಲಿ ಅದಕ್ಕೆ ಬರೆದಿಟ್ಟ ಜಾಗವೇ ಇಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ಬೇರೆ ಕಾಯ್ದೆಯೂ ಇಲ್ಲ. 2015ರಲ್ಲಿ ಶಶಿ ತರೂರ್ ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದಿದ್ದರು, ಅದು ಕಾಯ್ದೆ ಆಗಲಿಲ್ಲ. ಸರ್ಕಾರ ಮನಸ್ಸು ಮಾಡಿದರೆ ಜಾಗ ಸಿಗುತ್ತದೆ. ಬೈಲಕುಪ್ಪೆ, ಮುಂಡಗೋಡಿನಲ್ಲಿ ಟಿಬೆಟಿನವರಿಗೆ ನಮ್ಮವರೇ ಭೂಮಿ ಕೊಟ್ಟರು. ಅಫ್ಘಾನಿಗಳಿಗೆ ಹಾಗೇನೂ ಇಲ್ಲ. ಅವರ ಅರ್ಜಿ ನೋಡುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್, ಅದರ ಮುಖ್ಯ ಕಚೇರಿ ದೆಹಲಿಯಲ್ಲಿ. ಪುಣೆಯಲ್ಲಿರುವವನು ಅಲ್ಲಿಯವರೆಗೆ ಕಾಯುವುದು ಬಾಡಿಗೆ ರೂಮಿನಲ್ಲೇ. 2021ರಲ್ಲಿ ಮ್ಯಾನ್ಮಾರ್‌ನಿಂದ ಬಂದ ಕೆಲವರು ಮಣಿಪುರದಲ್ಲಿ ಸಿಕ್ಕಿಕೊಂಡಿದ್ದರು. ದೆಹಲಿಗೆ ಹೋಗಿ ಆ ಕಚೇರಿ ತಟ್ಟಲು ಅವರು ಮಣಿಪುರ ಹೈಕೋರ್ಟಿನಿಂದ ಆದೇಶ ತರಬೇಕಾಯಿತು. ನೋಡು, ಇಲ್ಲೂ ದೂರದ್ದೇ ಕಷ್ಟ.

ಮುಖ್ಯ ಮಾತು: ವೀಸಾ ಮುಗಿಯಲು ಬಿಡಬೇಡಿ. ವಿದೇಶಿಯರ ನೋಂದಣಿ ಕಚೇರಿ ಎಫ್‌ಆರ್‌ಆರ್‌ಒದಲ್ಲಿ ಈಗಲೇ ವಿಸ್ತರಣೆಗೆ ಅರ್ಜಿ ಹಾಕಲಿ. ಯುಎನ್‌ಎಚ್‌ಸಿಆರ್ ಕಾರ್ಡ್ ಸಿಕ್ಕರೂ ಅದು ವೀಸಾ ಅಲ್ಲ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ, ಅವಧಿ ಮೀರಿದರೆ ಅದರಲ್ಲೂ ಜೈಲು ಇದೆ. ಹಾಗಂತ ತೀರಾ ಹೆದರಬೇಡ. ಜೀವ, ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ವಿದೇಶಿಯರಿಗೂ ಸಲ್ಲುತ್ತದೆ, 1996ರಲ್ಲಿ ಅರುಣಾಚಲದಲ್ಲಿದ್ದ ಚಕ್ಮಾ ನಿರಾಶ್ರಿತರ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇನ್ನೊಂದು, ವಿದೇಶಿಯವರು ಉಳಿದಿದ್ದಾರೆ ಅಂತ ಸರ್ಕಾರಕ್ಕೆ ತಿಳಿಸುವ, ರೂಢಿಯಲ್ಲಿ ಸಿ ಫಾರ್ಮ್ ಅನ್ನುವ ಫಾರ್ಮನ್ನು ಅವನ ರೂಮಿನ ಮಾಲೀಕರು ತುಂಬಿದ್ದಾರಾ?

ಪುಣೆಯಿಂದ:
ಕೇಳಿದೆ ಅಕ್ಕಾ. ಅವರು ಆ ಹೆಸರೇ ಕೇಳಿಲ್ಲವಂತೆ.

ಮಾಟುಂಗದಿಂದ:
ತಮ್ಮಾ, ಅದು ನನಗೆ ಗೊತ್ತು. ಲಾಡ್ಜ್ ಇಟ್ಟಿದ್ದಾಗ ವಿದೇಶಿಯವರು ಬಂದರೆ 24 ಗಂಟೆಯೊಳಗೆ ತುಂಬಬೇಕಿತ್ತು. ಈಗ ಆನ್‌ಲೈನ್. ಮಾಲೀಕರ ನಂಬರ್ ಕಳಿಸು, ನಾನೇ ಮಾತಾಡುತ್ತೇನೆ.