2009ರ ಸ್ಪಾ ರೇಸ್‌ನಲ್ಲಿ ಫೋರ್ಸ್ ಇಂಡಿಯಾಗೆ ಪೋಲ್ ಸಿಕ್ಕಿದ್ದು ಬರೀ ಅದೃಷ್ಟವಾ?

ಹಾಸನದ_ಹೊಸಬ

ಎಲ್ಲರಿಗೂ ನಮಸ್ಕಾರ. ನಾನು ಫಾರ್ಮುಲಾ ಒನ್ ನೋಡಲು ಶುರು ಮಾಡಿ ಜಾಸ್ತಿ ದಿನ ಆಗಿಲ್ಲ. ಮೊನ್ನೆ ಸುಮ್ನೆ ಹಳೇ ರೇಸ್‌ಗಳ ಫಲಿತಾಂಶ ನೋಡುತ್ತಾ ಕೂತಿದ್ದೆ. ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡಕ್ಕೆ 2008ರಲ್ಲಿ ಇಡೀ ವರ್ಷ ಒಂದೇ ಒಂದು ಪಾಯಿಂಟ್ ಇಲ್ಲ. 2009ರಲ್ಲೂ ಮೊದಲ 11 ರೇಸ್ ಪೂರ್ತಿ ಸೊನ್ನೆ. 12ನೇ ರೇಸ್ ಬೆಲ್ಜಿಯಂನ ಸ್ಪಾದಲ್ಲಿ. ಅಲ್ಲಿ ನೋಡಿದರೆ ತಂಡದ ಡ್ರೈವರ್ ಫಿಸಿಕೆಲ್ಲಾಗೆ ಪೋಲ್, ಅಂದರೆ ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಡುವ ಅವಕಾಶ! ರೇಸ್‌ನಲ್ಲಿ ಎರಡನೇ ಸ್ಥಾನ!

ನಮ್ಮ ಚಿಕ್ಕಪ್ಪನನ್ನು ಕೇಳಿದರೆ "ಮಳೆ ಬಂದಿರಬೇಕು, ಲಕ್ ಹೊಡೀತು" ಅಂದರು. ನಿಜಾನಾ? ಕೊನೆ ಸಾಲಿನ ಕಾರು ಒಂದೇ ವಾರದಲ್ಲಿ ಮೊದಲ ಸಾಲಿಗೆ ಬರುವುದು ಹೇಗೆ? ಆಮೇಲೆ, ಅಷ್ಟು ವೇಗ ಇದ್ದರೂ ಗೆಲ್ಲಲಿಲ್ಲ ಯಾಕೆ?

ಪೀಣ್ಯ_ಟೂಲ್‌ರೂಮ್

ಚಿಕ್ಕಪ್ಪನಿಗೆ ಹೇಳಿಬಿಡು ಮಗಾ, ಆ ಶನಿವಾರ ಪೋಲ್ ಹೊಡೆಯುವಾಗಲೂ ಮಳೆ ಇಲ್ಲ, ಭಾನುವಾರ ರೇಸ್ ಹೊತ್ತಿಗೂ ಇಲ್ಲ. ಒಣ ಟ್ರ್ಯಾಕ್‌ನಲ್ಲೇ ಆಗಿದ್ದು.

ಮೊದಲು ಆ ಕಾರಿನ ಕಥೆ ಕೇಳು. ಹೆಸರು ವಿಜೆಎಂ02. 2008ರ ಕಾರಿನಲ್ಲಿ ಫೆರಾರಿ ಎಂಜಿನ್ ಇತ್ತು. ಮುಂದಿನ ವರ್ಷಕ್ಕೆ ಮೆಕ್‌ಲಾರೆನ್ ಮತ್ತು ಮರ್ಸಿಡಿಸ್ ಜೊತೆ ಒಪ್ಪಂದ ಆಗಿದ್ದು ನವೆಂಬರ್‌ನಲ್ಲಿ. ಮರ್ಸಿಡಿಸ್ ಎಂಜಿನ್, ಮೆಕ್‌ಲಾರೆನ್ ಗೇರ್‌ಬಾಕ್ಸ್, ಅದರ ಹೈಡ್ರಾಲಿಕ್ಸ್. ನವೆಂಬರ್ ಅಂದರೆ ಹೊಸ ಕಾರಿನ ಡ್ರಾಯಿಂಗ್ ಬಹುಪಾಲು ಮುಗಿದಿರಬೇಕಾದ ಸಮಯ.

ನಾನು ಟೂಲ್‌ರೂಮ್‌ನಲ್ಲಿ ಕೆಲಸ ಮಾಡುವವನು. ಡ್ರಾಯಿಂಗ್ ಫೈನಲ್ ಆದ ಮೇಲೆ ಪಾರ್ಟಿ ಬಂದು ಒಂದು ಹೋಲ್ ನಾಲ್ಕು ಎಂಎಂ ಈಚೆ ತನ್ನಿ ಅಂದರೂ ಫಿಕ್ಸ್ಚರ್ ಬಿಚ್ಚಿ ಮತ್ತೆ ಮಾಡಬೇಕು, ಮನೆಗೆ ಹೋಗುವುದು ಮಧ್ಯರಾತ್ರಿ. ಇವರಿಗೆ ಬದಲಾಗಿದ್ದು ಎಂಜಿನ್ನೇ. ಎಫ್ ಒನ್ ಕಾರಿನಲ್ಲಿ ಎಂಜಿನ್ ಕೂರಿಸಲು ಬೇರೆ ಚೌಕಟ್ಟು ಇರುವುದಿಲ್ಲ. ಡ್ರೈವರ್ ಕೂರುವ ಕಾರ್ಬನ್ ತೊಟ್ಟಿಯ ಹಿಂದಕ್ಕೆ ಎಂಜಿನ್ನನ್ನು ನೇರ ಬೋಲ್ಟ್ ಮಾಡುತ್ತಾರೆ. ಎಂಜಿನ್ ಹಿಂದೆ ಗೇರ್‌ಬಾಕ್ಸ್. ಹಿಂದಿನ ಸಸ್ಪೆನ್ಷನ್ ನೇತುಹಾಕುವುದು ಗೇರ್‌ಬಾಕ್ಸ್‌ಗೆ. ಹಾಗಾಗಿ ಎಂಜಿನ್ ಬದಲಾದರೆ ಡ್ರೈವರ್ ಬೆನ್ನಿನಿಂದ ಹಿಂದಿನ ಚಕ್ರದವರೆಗೆ ಎಲ್ಲವೂ ಬದಲು. ರೇಡಿಯೇಟರ್, ಎಕ್ಸಾಸ್ಟ್, ಮೇಲಿನ ಬಾಡಿ, ಯಾವುದೂ ಹಳೇ ಅಳತೆಗೆ ಕೂರಲ್ಲ.

ಸಾಲದು ಅಂತ 2009ಕ್ಕೆ ನಿಯಮಗಳೂ ಹೊಸದು. ಸ್ಲಿಕ್ ಟೈರ್, ಅಂದರೆ ಗೆರೆ ಇಲ್ಲದ ನುಣುಪು ಟೈರ್, ವಾಪಸ್ ಬಂತು. ಮುಂದಿನ ರೆಕ್ಕೆ ಅಗಲ ಆಯಿತು, ಹಿಂದಿನದು ಕಿರಿದಾಗಿ ಎತ್ತರಕ್ಕೆ ಹೋಯಿತು. ಸೀಸನ್ ನಡುವೆ ಟೆಸ್ಟಿಂಗ್ ಬಂದ್. ಕಾರು ಹೊರಗೆ ಬಂದಿದ್ದು ಮಾರ್ಚ್ 1ಕ್ಕೆ, ಸ್ಪೇನ್‌ನ ಹೆರೆಜ್‌ನಲ್ಲಿ. ಆಸ್ಟ್ರೇಲಿಯಾದ ಮೊದಲ ರೇಸ್ ಮಾರ್ಚ್ 29ಕ್ಕೆ. ಇಷ್ಟರಲ್ಲೂ ಅಲ್ಲಿ ತಂಡದ ಇನ್ನೊಬ್ಬ ಡ್ರೈವರ್ ಸುಟಿಲ್ 9ನೇ ಸ್ಥಾನ. ಆಗ ಪಾಯಿಂಟ್ ಸಿಗುತ್ತಿದ್ದುದು 8ರವರೆಗೆ ಮಾತ್ರ. ಮೊನಾಕೋದಲ್ಲಿ ಫಿಸಿಕೆಲ್ಲಾ 9. ನೀನು ನೋಡಿದ ಸೊನ್ನೆಗಳ ಒಳಗೆ ಇವೂ ಇವೆ.

ಈಗ ಸ್ಪಾಗೆ ಬರೋಣ. ವಿಜೆಎಂ02 ಗಾಳಿಯನ್ನು ಸಲೀಸಾಗಿ ಸೀಳುವ ಕಾರು. ತಿರುವಿನಲ್ಲಿ ನೆಲಕ್ಕೆ ಒತ್ತುವ ಬಲ ದೊಡ್ಡ ತಂಡಗಳಷ್ಟು ಇರಲಿಲ್ಲ, ಆದರೆ ನೇರ ದಾರಿಯಲ್ಲಿ ಗಾಳಿ ಅದನ್ನು ಹಿಡಿದು ಎಳೆಯುತ್ತಿದ್ದುದು ಕಡಿಮೆ. ಜೊತೆಗೆ ಆಗಿನ ಮರ್ಸಿಡಿಸ್ ಎಂಜಿನ್. ಆಗಸ್ಟ್‌ನಲ್ಲಿ ವೆಲೆನ್ಸಿಯಾ ರೇಸ್‌ಗೆ ಹೊಸ ಏರೋ ಭಾಗಗಳು ಬೇರೆ ಬಂದವು. ಅದರ ಮುಂದಿನ ವಾರವೇ ಸ್ಪಾ. 7 ಕಿಲೋಮೀಟರ್ ಉದ್ದದ ಟ್ರ್ಯಾಕ್, ಮೊದಲ ಮತ್ತು ಕೊನೆಯ ಭಾಗದಲ್ಲಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯುವ ಕೆಲಸವೇ ಕಡಿಮೆ. ಕಾರಿಗೆ ಹೇಳಿ ಮಾಡಿಸಿದ ಜಾಗ.

ಗೆಲ್ಲಲಿಲ್ಲ ಯಾಕೆ ಅಂದೆಯಲ್ಲ, ಅದು ಐದನೇ ಲ್ಯಾಪ್‌ನಲ್ಲೇ ತೀರ್ಮಾನ ಆಯಿತು. ಮೊದಲ ಲ್ಯಾಪ್‌ನಲ್ಲಿ ಬಟನ್, ಹ್ಯಾಮಿಲ್ಟನ್ ಸೇರಿ ನಾಲ್ಕು ಜನ ಗುದ್ದಿಕೊಂಡು, ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರ್ ಬಂತು. ಆರನೇ ಸ್ಥಾನದಿಂದ ಹೊರಟಿದ್ದ ಫೆರಾರಿಯ ಕಿಮಿ ರಾಯ್ಕೊನೆನ್ ಅಷ್ಟರಲ್ಲಿ ಎರಡನೇ ಸ್ಥಾನಕ್ಕೆ ಬಂದಿದ್ದ. ಸೇಫ್ಟಿ ಕಾರ್ ಒಳಗೆ ಹೋಯಿತು. ಫಿಸಿಕೆಲ್ಲಾ ಲಾ ಸೋರ್ಸ್ ತಿರುವು ಚೆನ್ನಾಗಿಯೇ ದಾಟಿದ. ಓ ರೂಜ್ ಇಳಿಜಾರು, ಆಮೇಲೆ ಏರು. ಮೇಲೆ ಬರುವಾಗ ಫೆರಾರಿ ಬೆನ್ನಿಗೇ ಅಂಟಿಕೊಂಡಿದೆ. ಕೆಮ್ಮೆಲ್ ನೇರ ದಾರಿ ಸಿಕ್ಕಿದ್ದೇ ಕಿಮಿ ಗುಂಡಿ ಒತ್ತಿದ. ಕರ್ಸ್ ಅಂತ, ಬ್ರೇಕ್ ಹಾಕುವಾಗ ಉಳಿಸಿಟ್ಟ ಶಕ್ತಿ. ಸುಮಾರು 80 ಹಾರ್ಸ್‌ಪವರ್ ಜಾಸ್ತಿ, ಲ್ಯಾಪ್‌ಗೆ ಆರೂವರೆ ಸೆಕೆಂಡ್ ಚಿಲ್ಲರೆ. ಫೋರ್ಸ್ ಇಂಡಿಯಾ ಅದನ್ನು ಹಾಕಿಕೊಂಡಿರಲಿಲ್ಲ. ಮುಂದಿನ ತಿರುವಿಗೆ ಬ್ರೇಕ್ ಹಾಕುವ ಹೊತ್ತಿಗೆ ಫೆರಾರಿ ಮುಂದೆ.

ಅಲ್ಲಿಂದ ಕೊನೆವರೆಗೂ ಫಿಸಿಕೆಲ್ಲಾ ಅವನ ಬೆನ್ನು ಬಿಡಲಿಲ್ಲ. 44 ಲ್ಯಾಪ್ ಮುಗಿದಾಗ ಅಂತರ ಒಂದು ಸೆಕೆಂಡ್‌ಗೂ ಕಡಿಮೆ. ತಿರುವುಗಳಲ್ಲಿ ಹತ್ತಿರ ಬರುತ್ತಿದ್ದ, ನೇರ ದಾರಿ ಬಂದರೆ ಕಿಮಿ ಮತ್ತೆ ಗುಂಡಿ ಒತ್ತುತ್ತಿದ್ದ. ಆ ವರ್ಷ ಫೆರಾರಿ ಗೆದ್ದಿದ್ದು ಅದೊಂದೇ ರೇಸ್. ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ, ಏನು ಮಾಡಲಿ.

ಕುಡ್ಲ_ರಿವರ್ಸ್‌ಗೇರ್

ಸಾರ್, ಪ್ರೀತಿ ಸರಿ, ಪೂರ್ತಿ ಕಥೆ ಹೇಳಿ. 2009ರಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಕೊನೇ ಕ್ವಾಲಿಫೈಯಿಂಗ್‌ಗೆ ರೇಸ್ ಶುರುವಾಗುವಾಗ ಇರುವ ಪೆಟ್ರೋಲ್ ಹಾಕಿಕೊಂಡೇ ಓಡಬೇಕಿತ್ತು. ಫಿಸಿಕೆಲ್ಲಾ ಕಾರು ಅಕ್ಕಪಕ್ಕದವರಿಗಿಂತ ಸ್ವಲ್ಪ ಹಗುರ ಇತ್ತು. ಎರಡನೇ ಸ್ಥಾನದ ಟ್ರುಲ್ಲಿಗಿಂತ ಮುಂದಿದ್ದದ್ದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಬಟನ್, ಹ್ಯಾಮಿಲ್ಟನ್, ವೆಟೆಲ್ ಯಾರೂ ಆ ದಿನ ಫಾರ್ಮ್‌ನಲ್ಲಿ ಇರಲಿಲ್ಲ. ಕಾರು ಅಷ್ಟು ಚೆನ್ನಾಗಿದ್ದರೆ ಸಿಂಗಾಪುರದಲ್ಲಿ ಮತ್ತೆ ಹಿಂದೆ ಹೋಗಿದ್ದು ಯಾಕೆ? ಸೀಸನ್ ಮುಗಿದಾಗ ಹತ್ತು ತಂಡಗಳಲ್ಲಿ ಒಂಬತ್ತನೇ ಸ್ಥಾನ, 13 ಪಾಯಿಂಟ್. ಅಷ್ಟೇ ತಾನೆ.

ಪೀಣ್ಯ_ಟೂಲ್‌ರೂಮ್

ಪೋಲ್ ಬಗ್ಗೆ ಹೇಳಿದ್ದು ಒಪ್ಪಿದೆ. ಪೆಟ್ರೋಲ್ ಸಮ ಇದ್ದಿದ್ದರೆ ಎರಡನೇದೋ ಮೂರನೇದೋ ಆಗುತ್ತಿತ್ತೇನೋ. ಆದರೆ ಇಡೀ ರೇಸ್ ಹಗುರವಾಗಿ ಓಡಲು ಆಗಲ್ಲವಲ್ಲ ಸಾರ್. ವೆಟೆಲ್ ಬಂದಿದ್ದು ಮೂರನೇ ಸ್ಥಾನಕ್ಕೆ, ಇವನ ಹಿಂದೆ.

ಸಿಂಗಾಪುರ ಅಂದಿರಿ. ಬರೀ ತಿರುವು, ಗಾಳಿ ಒತ್ತಡ ಎಷ್ಟಿದ್ದರೂ ಸಾಲದ ಟ್ರ್ಯಾಕ್. ಅಲ್ಲಿ ಈ ಕಾರು ಹಿಂದೆ ಬೀಳದಿದ್ದರೆ ನನ್ನ ಮಾತೇ ಸುಳ್ಳಾಗುತ್ತಿತ್ತು. ಅದಕ್ಕೂ ಮುಂಚೆ, ಸ್ಪಾ ಆದ ತಕ್ಷಣ ಬಂದ ಇಟಲಿಯ ಮೊನ್ಜಾ ನೋಡಿ. ರೆಕ್ಕೆ ಎಲ್ಲರಿಗೂ ತೆಳ್ಳಗೆ, ಪೂರ್ತಿ ನೇರ ದಾರಿ. ಸುಟಿಲ್ ಹೊರಟಿದ್ದು ಎರಡನೇ ಸ್ಥಾನದಿಂದ. ಮುಗಿಸಿದ್ದು ನಾಲ್ಕನೆಯವನಾಗಿ, ರೇಸ್‌ನ ಫಾಸ್ಟೆಸ್ಟ್ ಲ್ಯಾಪ್ ಕೂಡ ಅವನದೇ. ಮುಂದೆ ಸಿಕ್ಕಿಕೊಂಡಿದ್ದು ಯಾರು? ಮತ್ತದೇ ಕಿಮಿ, ಅದೇ ಗುಂಡಿ. ಫಿಸಿಕೆಲ್ಲಾ ಜಾಗಕ್ಕೆ ಬಂದಿದ್ದ ಲಿಯುಜ್ಜಿ ಕೂಡ ಚೆನ್ನಾಗಿ ಓಡುತ್ತಿದ್ದ, ಟ್ರಾನ್ಸ್‌ಮಿಷನ್ ಕೈಕೊಟ್ಟಿತು. ಸ್ಪಾದಲ್ಲಿ 8, ಮೊನ್ಜಾದಲ್ಲಿ 5. ನಿಮ್ಮ 13 ಪಾಯಿಂಟ್ ಪೂರ್ತಿ ಅಲ್ಲೇ ಇದೆ. ಅದೃಷ್ಟ ಆಗಿದ್ದರೆ ಎಲ್ಲಾದರೂ ಬರಬೇಕಿತ್ತು, ಸರಿಯಾಗಿ ಈ ಎರಡು ಕಡೆಯೇ ಬಂತಲ್ಲ?

ಅಂದಹಾಗೆ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಮೊನ್ಜಾ ಹೊತ್ತಿಗೆ ಫಿಸಿಕೆಲ್ಲಾ ನಮ್ಮ ತಂಡದಲ್ಲೇ ಇರಲಿಲ್ಲ. ಫೆರಾರಿಯ ಡ್ರೈವರ್ ಮಾಸಾಗೆ ಹಂಗೇರಿಯಲ್ಲಿ ಪೆಟ್ಟಾಗಿತ್ತು, ಸ್ಪಾ ಆದ ಮೇಲೆ ಫೆರಾರಿ ಇವನನ್ನು ಕರೆಯಿತು. ಇಟಲಿಯವನು, ಬೇಡ ಅನ್ನುತ್ತಾನಾ! ಯಾವ ಗುಂಡಿಯಿಂದ ಸೋತನೋ ಅದು ಈಗ ಅವನ ಕೈಗೇ ಬಂತು. ಐದು ರೇಸ್ ಓಡಿದ, ಒಂದು ಪಾಯಿಂಟ್ ಬರಲಿಲ್ಲ.

ನಾರ್ಥಾಂಪ್ಟನ್_ಕನ್ನಡಿಗ

ನಾನು ಇರುವುದು ಸಿಲ್ವರ್‌ಸ್ಟೋನ್‌ಗೆ ಹತ್ತಿರ. ಆ ಫ್ಯಾಕ್ಟರಿ ಇದ್ದಿದ್ದು ಸಿಲ್ವರ್‌ಸ್ಟೋನ್ ಟ್ರ್ಯಾಕ್ ಗೇಟಿನ ಎದುರಿಗೇ. ಮೊದಲು ಜೋರ್ಡನ್, ಆಮೇಲೆ ಮಿಡ್‌ಲ್ಯಾಂಡ್, ಸ್ಪೈಕರ್, ಫೋರ್ಸ್ ಇಂಡಿಯಾ. ಈಗ ಅದೇ ತಂಡ ಆಸ್ಟನ್ ಮಾರ್ಟಿನ್.

ಸ್ಪಾಗೂ ಈ ಫ್ಯಾಕ್ಟರಿಗೂ ಏನೋ ಋಣ ಇದೆ. 1991ರಲ್ಲಿ ಶೂಮಾಕರ್ ಮೊದಲ ರೇಸ್ ಅಲ್ಲೇ, ಜೋರ್ಡನ್ ಕಾರಿನಲ್ಲೇ. 1994ರಲ್ಲಿ ಬ್ಯಾರಿಕೆಲ್ಲೋ ಜೋರ್ಡನ್‌ನಲ್ಲಿ ಪೋಲ್ ಪಡೆದದ್ದು ಅಲ್ಲೇ. 1998ರಲ್ಲಿ ಡೇಮನ್ ಹಿಲ್ ಆ ತಂಡಕ್ಕೆ ಮೊದಲ ಗೆಲುವು ತಂದಿದ್ದೂ ಅಲ್ಲೇ. ಚಿಕ್ಕಪ್ಪನ ಮಳೆ ಬಂದಿದ್ದು ಆ ವರ್ಷ! ಇನ್ನೊಂದು ವಿಷಯ, ಜೋರ್ಡನ್‌ನ ಕೊನೇ ಗೆಲುವು 2003ರ ಬ್ರೆಜಿಲ್ ರೇಸ್. ಗೆದ್ದವನು ಇದೇ ಫಿಸಿಕೆಲ್ಲಾ.

ಹಾಸನದ_ಹೊಸಬ

ಎಲ್ಲರಿಗೂ ಥ್ಯಾಂಕ್ಸ್. ಚಿಕ್ಕಪ್ಪನಿಗೆ ಓದಿ ಹೇಳಿದೆ, "1998 ಅಂತಲೇ ನಾನು ಹೇಳಿದ್ದು" ಅಂದುಬಿಟ್ಟರು. ಸ್ಪಾ, ಮೊನ್ಜಾ ಬಿಟ್ಟು ಆ ವರ್ಷದ ಬೇರೆ ಯಾವ ರೇಸ್ ನೋಡಲಿ?

ಕುಡ್ಲ_ರಿವರ್ಸ್‌ಗೇರ್

ಜರ್ಮನಿಯದು ನೋಡು. ಸುಟಿಲ್ ಎರಡನೇ ಸ್ಥಾನದವರೆಗೆ ಬಂದಿದ್ದ. ಪಿಟ್‌ನಿಂದ ಹೊರಬರುತ್ತಲೇ ಯಾರಿಗೆ ತಾಗಿದ ಗೊತ್ತಾ? ಕಿಮಿಗೆ. ಬ್ರೆಜಿಲ್‌ನಲ್ಲಿ ಮೂರನೇ ಸ್ಥಾನದಿಂದ ಹೊರಟ, ಮೊದಲ ಲ್ಯಾಪ್‌ನಲ್ಲೇ ಟ್ರುಲ್ಲಿ ಜೊತೆ ಡಿಕ್ಕಿ. ಟ್ರುಲ್ಲಿ ಕಾರಿನಿಂದ ಇಳಿದು ಬಂದು ಜಗಳಕ್ಕೇ ನಿಂತ, ಅದು ನೋಡಲೇಬೇಕು.

ಪೀಣ್ಯ_ಟೂಲ್‌ರೂಮ್

ಚೀನಾ ರೇಸನ್ನೂ ನೋಡು. ಜೋರು ಮಳೆ, ಸುಟಿಲ್ ಆರನೇ ಸ್ಥಾನದಲ್ಲಿ ಆರಾಮಾಗಿ ಹೋಗುತ್ತಿದ್ದಾನೆ. ಕೊನೆಯ ಆರು ಲ್ಯಾಪ್ ಮಾತ್ರ ನೋಡಬೇಡ.